ಮೂರನೇ ಮಹಡಿಗೆ ಐವತ್ತು

ಹಾಸನದ ಪೀಜಿಗಳ ಮೆಟ್ಟಿಲು ನನ್ನ ಮಂಡಿಗೆ ಗೊತ್ತು.
ಯಾವ ತಿರುವಿನಲ್ಲಿ ಬೀರು ಸಿಕ್ಕಿಕೊಳ್ಳುತ್ತದೆ,
ಯಾವ ಗೇಟಿನ ಚಿಲಕಕ್ಕೆ ಹಾಸಿಗೆ ಹರಿಯುತ್ತದೆ,
ಯಾವ ಓನರಮ್ಮ ನೀರು ಕೊಡುತ್ತಾಳೆ, ಯಾರು ಕೊಡುವುದಿಲ್ಲ.

ಅರಸೀಕೆರೆಯಿಂದ ವರ್ಷವೆಲ್ಲ ತೆಂಗಿನಕಾಯಿ,
ಕಾಲೇಜು ಶುರುವಾಗುವ ಹದಿನೈದು ದಿನ ಮಕ್ಕಳ ಸಾಮಾನು.
ಟ್ರಂಕು, ಬಕೆಟ್ಟು, ಬಕೆಟ್ಟಿನೊಳಗೆ ಮಗ್ಗು, ಮಗ್ಗಿನೊಳಗೆ ಸೋಪಿನ ಡಬ್ಬಿ,
ಹಿಂದೆ ಬಸ್ಸಿನಲ್ಲಿ ಬರುವ ಅಪ್ಪ ಅಮ್ಮ.
ನಾನು ಕೇಳುತ್ತಿದ್ದುದು ಒಂದೇ:
ಎಷ್ಟನೇ ಮಹಡಿ?
ಎರಡರವರೆಗೆ ಬಾಡಿಗೆಯೊಳಗೇ. ಮೂರಕ್ಕೆ ಐವತ್ತು ಹೆಚ್ಚು.
ಚೌಕಾಸಿ ಮಾಡಿದವರ ಮುಖ ನೆನಪಿದೆ.
ಅವರ ಕಿಸೆ ನನಗೆ ಕಂಡಿರಲಿಲ್ಲ.

ಈ ವರ್ಷ ಇಂಚರಳಿಗೆ ಬಿ.ಎಸ್ಸಿ. ಸೀಟು.

ರೈಲಿನಲ್ಲಿ ಓಡಾಡಲಿ ಎಂದೆ, ಪಾಸು ಅಗ್ಗ.
ಲ್ಯಾಬು ಮುಗಿಯುವುದು ಐದೂವರೆಗೆ ಎಂದಳು,
ರೈಲು ಬರುವುದು ಅದಕ್ಕೆ ಮನಸ್ಸಾದಾಗ.
ಸರ್ಕಾರಿ ಹಾಸ್ಟೆಲ್ಲಿನ ಪಟ್ಟಿಯಲ್ಲಿ
ಕಾಯುವವರ ಸಾಲಿನ ನಲವತ್ತೊಂದನೇ ಹೆಸರು ಅವಳದು.
ಸರ್ವಮಂಗಳ ಕ್ಯಾಲೆಂಡರಿನ ಜೂನ್ ಹಾಳೆ ಹರಿದು ಹಿಂದೆ ಬರೆದಳು:
ಐದೂವರೆ ಸಾವಿರ, ಇಂಟು ಹತ್ತು.
ಅಡ್ವಾನ್ಸು ಹತ್ತು, ಬಿಡುವಾಗ ಸುಣ್ಣಬಣ್ಣಕ್ಕೆಂದು ಹಿಡಿಯುವುದು ಎರಡು.
ಹಾಸಿಗೆ ನಮ್ಮದೇ; ದಿಂಬು ಹೊಸದು.
ಗಾಡಿ ಬಾಡಿಗೆ, ಎಂದು ಬರೆದು ಪೆನ್ನು ನಿಂತಿತು.
ನನ್ನ ಕಡೆ ನೋಡಿ ಸೊನ್ನೆ ಹಾಕಿದಳು.

ಐವತ್ತು ಸಾವಿರದ ಚೀಟಿ, ಇನ್ನೂ ಎಂಟನೇ ತಿಂಗಳು.
ಕೊನೆಯವರೆಗೆ ಕಾಯಬೇಕೆಂದಿದ್ದವಳು
ಆ ಭಾನುವಾರ ಹನ್ನೊಂದು ಸಾವಿರ ಬಿಟ್ಟು ಕೂಗಿದಳಂತೆ.
ಆಮೇಲೆ ಯಾರೂ ಕೂಗಲಿಲ್ಲವಂತೆ.
ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕುತ್ತ ಅಂದಳು,
ಮೂವತ್ತೊಂಬತ್ತು ಇದೆ, ಎಣಿಸಿಡಿ.

ರೂಮು ನೋಡಲು ಮೂವರೂ ಹೋದೆವು, ಗಾಡಿ ದೂರ ನಿಲ್ಲಿಸಿ,
ನಾನು ಇಸ್ತ್ರಿ ಅಂಗಿಯಲ್ಲಿ.
ಓನರಮ್ಮ ಬಾಗಿಲು ತೆಗೆದವಳೇ, ಏನಪ್ಪಾ,
ಇವತ್ತು ಯಾರ ಸಾಮಾನು? ಎಂದಳು.
ನಮ್ಮದೇ ಅಮ್ಮಾ.
ಆಕೆ ಅಂಗಿ ನೋಡಿದಳು, ಮಗಳನ್ನು ನೋಡಿದಳು,
ಕುರ್ಚಿ ಎಳೆದಳು.
ಇಷ್ಟು ವರ್ಷಕ್ಕೆ ಆ ಮನೆಯಲ್ಲಿ ಮೊದಲ ಸಲ ಕೂತೆ.

ಮೂರನೇ ಮಹಡಿಯಲ್ಲಿ ಎರಡು ರೂಮು.
ಒಂದರಲ್ಲಿ ಇಬ್ಬರು, ಕಿಟಕಿಗೆ ಸಿಲ್ವರ್ ಓಕಿನ ತುದಿ, ಏಳು ಸಾವಿರ.
ಇನ್ನೊಂದರಲ್ಲಿ ಮೂವರು, ಕಿಟಕಿಗೆ ಪಕ್ಕದ ಮನೆಯ ಸಿಂಟೆಕ್ಸು.
ಸರ್ವಮಂಗಳ ಕೇಳಿದಳು: ರಜೆಯ ತಿಂಗಳು ಬಾಡಿಗೆ ಅರ್ಧವೋ ಪೂರ್ತಿಯೋ?
ಬಿಸಿನೀರು ಎಷ್ಟು ಗಂಟೆವರೆಗೆ? ಜ್ವರ ಬಂದರೆ ಗಂಜಿ ಕೊಡ್ತೀರಾ?
ಓನರಮ್ಮ ಕೊನೆಯದಕ್ಕೆ ಮಾತ್ರ ಒಂದು ಗಳಿಗೆ ತಡೆದು
ಕೊಡದೆ ಇರ್ತೀವಾ, ಎಂದಳು.
ಇಂಚರ ಮೂವರ ರೂಮಿನ ನಡುವಿನ ಮಂಚದ ಮೇಲೆ ಕೂತು,
ಇದೇ ಇರಲಿ, ಬೆಳಕಿದ್ದರೆ ನನಗೆ ನಿದ್ದೆ ಬರಲ್ಲ, ಎಂದಳು.
ಹದಿನೆಂಟು ವರ್ಷ ನಮ್ಮ ನಡುಮನೆಯಲ್ಲಿ
ಟ್ಯೂಬ್‌ಲೈಟಿನ ಕೆಳಗೇ ಮಲಗಿ ಬೆಳೆದವಳು.
ನಾನು ಬಾಯಿ ತೆರೆದೆ.
ಸರ್ವಮಂಗಳ ಮೊಣಕೈ ಒತ್ತಿದಳು.

ಸೋಮವಾರ. ಇಂಚರ ಮೆಟ್ಟಿಲ ಬುಡದಲ್ಲಿ ನಿಂತು
ಗಿರಾಕಿಗಳ ದನಿ ತೆಗೆದಳು:
ಏನಣ್ಣಾ, ಮೂರನೇ ಮಹಡಿಗೂ ಸೇರಿಸಿ ಹೇಳಿ.
ಐವತ್ತು ಹೆಚ್ಚಾಗುತ್ತೆ ಮೇಡಂ.
ದಿಂಬು ನಾನೇ ತರ್ತೀನಿ, ಕಮ್ಮಿ ಮಾಡಿ.
ತಲೆಯ ಮೇಲೆ ಹಾಸಿಗೆಯಿತ್ತು, ಮುಖ ಮುಚ್ಚುವಷ್ಟು ಅಗಲದ್ದು.
ಒಳ್ಳೆಯದೇ ಆಯಿತು.

ಖಾಲಿ ಗಾಡಿ ಗುಂಡಿಗೊಂದು ಸದ್ದು ಮಾಡುತ್ತದೆ.
ದುದ್ದದ ಹತ್ತಿರ ಒಬ್ಬ ಕೈ ಅಡ್ಡ ಹಿಡಿದ:
ಒಂದು ಹಳೇ ಮಂಚ, ಎರಡು ಮೂಟೆ ಹಿಂಡಿ, ಹಾರನಹಳ್ಳಿಗೆ.
ಇವತ್ತು ಬೇಡ ಅನ್ನುವವನಿದ್ದೆ.
ಶಾಂತಿಗ್ರಾಮದ ಕಡೆಯ ಮೋಡ ನೋಡುವವಳ ಹಾಗೆ
ಅತ್ತ ತಿರುಗಿ ಅಳುತ್ತಿದ್ದ ಸರ್ವಮಂಗಳ
ಮೂಗೊರೆಸಿಕೊಂಡು, ಮುನ್ನೂರೈವತ್ತು ಹೇಳಿ, ಎಂದಳು.
ಮುನ್ನೂರಕ್ಕೆ ಒಪ್ಪಿದ.
ಮಂಚ ಏರಿಸಿ ಹಗ್ಗ ಬಿಗಿಯುವಷ್ಟರಲ್ಲಿ
ಅವಳು ಜೂನ್ ಹಾಳೆ ಬಿಚ್ಚಿ ತೊಡೆಯ ಮೇಲಿಟ್ಟು
ಮುಂದಿನ ತಿಂಗಳ ಬಾಡಿಗೆಯ ಎದುರಿಗೆ ಬರೆದಿದ್ದಳು:
ಬಂತು, ಮುನ್ನೂರು.