ಮೊದಲ ಮೈನಸ್ ಬಿಚ್ಚು

ಚಿಂಚೋಳಿ ಬಸ್‌ಸ್ಟ್ಯಾಂಡಿನ ಹಿಂದ, ಪಂಕ್ಚರ್ ಅಂಗಡಿ ಬಾಜೂಕ,
ಬೋರ್ಡಿಲ್ಲದ ನನ್ನ ಶೆಡ್ಡಿನ ಮುಂದ
ದನದ ಡಾಕ್ಟರಮ್ಮ ನಿನ್ನೆ ಜೀಪ್ ತಂದು ನಿಲ್ಲಿಸಿದಳು.
ಬಾನೆಟ್ ಎತ್ತೂ ಮೊದಲೇ ಮೂಗಿಗೆ ಬಡೀತು
ಸುಟ್ಟ ಪ್ಲಾಸ್ಟಿಕ್ಕಿನ ವಾಸನಿ.

"ಕೊಂಚಾವರಂ ಕಾಡಿನ ದಾರಿ," ಅಂದಳು, "ರಾತ್ರಿ ಎರಡರ ಸುಮಾರ.
ತಾಂಡಾದಾಗ ಒಂದು ಎಮ್ಮಿ, ಕರು ಅಡ್ಡ ಸಿಕ್ಕಿತ್ತು.
ಹೊಸ ಲೈಟು ಹಗಲಿನಂಗ ಉರದ್ವು,
ಆಮ್ಯಾಲ ಡ್ಯಾಶ್‌ಬೋರ್ಡಿನಿಂದ ಹೊಗಿ."
ಎಮ್ಮಿ ಏನಾತು ಅಂತ ನಾ ಕೇಳಲಿಲ್ಲ.
ಆಕಿಯೂ ಹೇಳಲಿಲ್ಲ.

ಎರಡು ಎಲ್‌ಇಡಿ, ಒಂದೊಂದು ಅರವತ್ತು ವ್ಯಾಟು.
ಯಾವನೋ ಪುಣ್ಯಾತ್ಮ
ಬ್ಯಾಟರಿಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಲೈಟಿಗೆ
ಮನಿ ಗಂಟಿಗೆ ಹಾಕೂ ತೆಳ್ಳನ ವಾಯರ್ ಎಳದಾನ.
ಬರೇ ಹೊಸೆದು ಟೇಪ್ ಸುತ್ಯಾನ. ನಮ್ಮ ಬಿಸಲಿಗೆ
ಅಂಟು ಕರಗಿ ಟೇಪು ಜೋತುಬಿದ್ದದ.
ಫ್ಯೂಸ್ ಹುಡುಕಿದೆ, ಈ ತುದಿಯಿಂದ ಆ ತುದಿತನಕ
ಬೆರಳಾಡಿಸಿ.
ಇಲ್ಲ.

ಮೌಲಾಲಿ ಉಸ್ತಾದ ಇದ್ದಿದ್ರ ಪಾನಾ ಎಸೀತಿದ್ದ.
ಶಹಾಬಾದ ಕಲ್ಲಗಣಿ ಲಾರಿಗಳ ಕರುಳು ಬಲ್ಲ ಕೈ;
ನಡುಬೆರಳಿನ ಸುತ್ತ ಉಂಗುರದಂಥ ಕಲಿ.
ಪಾನಾ ಪ್ಲಸ್ಸಿಗೂ ಬಾಡಿಗೂ ಒಮ್ಮೆಲೇ ತಾಗಿತ್ತಂತ,
ನಡುವ ಸಿಕ್ಕ ಬೆಳ್ಳಿ ಉಂಗುರ ಕೆಂಪಗಾತಂತ.
"ಮೊದಲ ಮೈನಸ್ ಬಿಚ್ಚು," ಅನ್ನಾವ.
"ಸಲಾಂ ಅನ್ನದ ಮಂದಿ ಮನಿಯೊಳಗ ಕಾಲಿಡ್ತಿ ಏನು?"

ನನ್ನ ಉಂಗುರ ತಗದು ಸೆರಗಿನ ತುದಿಗೆ ಗಂಟು ಹಾಕಿದೆ.
ಮೈನಸ್ ಬಿಚ್ಚಿದೆ.

"ಜಗದೇವಿ, ಮೂವತ್ತರ ಫ್ಯೂಸ್ ಹಾಕಿಬಿಡು,
ಪದೇ ಪದೇ ಹೋಗೂದ ಬ್ಯಾಡ."
ಹೋಗಲಿಕ್ಕೇ ಇಡೂದರಿ ಅದನ್ನ, ಅಂದೆ.
ಇಡೀ ಜೀಪಿನಾಗ ಸಾಯಲಿಕ್ಕಂತ ಇಟ್ಟ ಸಾಮಾನು ಅದೊಂದೇ.
ಹತ್ತು ಆಂಪಿಯರ್ ಉಣ್ಣೂ ಲೈಟಿಗೆ ಹದಿನೈದು ಸಾಕು.
ಮೂವತ್ತರದ್ದು ಬದುಕತದ, ವಾಯರ್ ಸಾಯತದ.
ಬ್ಯಾಟರಿಯಿಂದ ಗೇಣಿನೊಳಗ ಕೂಡಿಸಿದೆ;
ದೂರ ಇಟ್ರ ನಡುವಿನ ವಾಯರಿಗೆ ದಿಕ್ಕಿಲ್ಲ.

ಆಮ್ಯಾಲ ರಿಲೇ.
ಸ್ವಿಚ್ಚು ಗೌಡನಂಗ ಕುಂತಲ್ಲೇ ಕೂಗಬೇಕು,
ಹೊರೂ ಹಮಾಲ ಬ್ಯಾರೇನೇ ಇರಬೇಕು.
ದಪ್ಪನ ವಾಯರು, ಒತ್ತಿ ಕಚ್ಚಿಸಿದ ತುದಿ,
ಅದರ ಮ್ಯಾಲ ಲೈಟರಿನ ಝಳಕ್ಕ ಮೈ ಬಿಗಿದು ಕುಂತ ಸ್ಲೀವು.
ತಗಡಿನ ತೂತಿಗೆ ರಬ್ಬರಿನ ಬಳಿ ತೊಡಿಸಿದೆ.
ಆ ಅಂಚಿಗೆ ಅವಸರ ಇರಂಗಿಲ್ಲ,
ದಾರಿಯ ಒಂದೊಂದು ಕುಲುಕಿಗೆ
ಕೂದಲೆಳಿಯಷ್ಟೇ ತಿಂತಿರತದ.

ಅರ್ಥಿಂಗಿಗೆ ಚಾಸಿ ಕೆರೆದೆ.
ಹಸಿರು, ಹಸಿರಿನ ಕೆಳಗ ನೀಲಿ, ನೀಲಿ ಕೆಳಗ ಜಂಗು,
ಎಲ್ಲಾ ದಾಟಿದ ಮ್ಯಾಲ ಬೆಳ್ಳಗ ಕಬ್ಬಿಣ ಸಿಕ್ತು.
ಬಣ್ಣ ಮುಟ್ಟಿ ಆಣಿ ಮಾಡಿದ್ರ ಕರೆಂಟು ನಂಬಂಗಿಲ್ಲ.

ಹೊತ್ತು ಮುಳುಗೂದ್ರಾಗ ಮೈನಸ್ ಕಡೀಕ ಕೂಡಿಸಿದೆ.
ಚಿಟ್ ಅಂತ ಒಂದು ಕಿಡಿ, ಸಾಸಿವಿಯಷ್ಟು.
ಎದುರಿನ ಹಿಟ್ಟಿನ ಗಿರಣಿ ಗೋಡಿ ಮ್ಯಾಲ
ಎರಡು ಹಗಲು ಬಿದ್ವು;
ಗಿರಣಿಯಾಂವ ಕಣ್ಣಿಗೆ ಕೈ ಅಡ್ಡ ಹಿಡದು ಬೈದ.
ಕೇಳ್ರಿ ಡಾಕ್ಟ್ರೇ, ಅಂದೆ, ರೋಡಿನ ಮ್ಯಾಲ ಇವಕ್ಕ ಮುಸುಕು ಹಾಕ್ರಿ.
ತೊಗರಿ ಟ್ರ್ಯಾಕ್ಟರ್ ಹೊಡಿಯಾಂವನ ಕಣ್ಣು
ನಿಮ್ಮ ಎಮ್ಮಿ ಕಣ್ಣಿಗಿಂತ ಸೋವಿ ಅಲ್ಲ.
ಅವಾಗ ನಕ್ಕಳು. ಬಂದಾಗಿಂದ ಮೊದಲ ಸಲ.

ರಾತ್ರಿ ಎರಡಕ್ಕ ತಾನಾಗೇ ಎಚ್ಚರಾತು.
ಫೋನ್ ನೋಡಿದೆ. ಏನಿಲ್ಲ.
ಮಳ್ಳಿ ಮಲಗಲಿಕ್ಕೆ ಹೊಳ್ಳಿದಾಗ
ಪಕ್ಕಿಗೆ ಗಟ್ಟಿ ಒತ್ತಿತು ಏನೋ—
ಸೆರಗಿನ ಗಂಟು.
ಉಂಗುರ ಇನ್ನೂ ಅದರೊಳಗೇ ಇತ್ತು.