ಸದ್ದಿಲ್ಲದ ಹುಲ್ಲು

ಕವಾಯ್ ದ್ವೀಪ. ಚರ್ಚಿನ ಹಿಂದಿನ ಹುಲ್ಲಿನಲ್ಲಿ
ಟಾರ್ಚು ಹಿಡಿದು ಕೂತಿದ್ದಾಳೆ ಹೌನಾನಿ.
ಜೀರುಂಡೆ ಬೇಕಾದಷ್ಟಿವೆ. ಸದ್ದಿಲ್ಲ.

ಇಲ್ಲೇ ಅವಳ ಮದುವೆಯ ಸಂಜೆ
ಇವುಗಳ ಗಲಾಟೆಗೆ ಪಾದ್ರಿ
ಎರಡೆರಡು ಸಲ ಕೇಳಬೇಕಾಯಿತು: ಒಪ್ಪಿಗೆಯೇ?

ಹಾಡು ಹೆಣ್ಣಿಗೆ ಕೇಳುತ್ತದೆ. ನೊಣಕ್ಕೂ.
ಬೆನ್ನ ಮೇಲೆ ಹುಳು ಉದುರಿಸಿ ಹೋಗುತ್ತದೆ ಅದು;
ವಾರದಲ್ಲಿ ಹಾಡುಗಾರ ಬರೀ ಸಿಪ್ಪೆ.

ಮೌನ ಬಂಗಾರವೆಂದು ಯಾರೂ ಕಲಿಸಲಿಲ್ಲ. ಯಾರೂ ಕಲಿಯಲಿಲ್ಲ.
ಎಲ್ಲೋ ಒಂದು, ರೆಕ್ಕೆಯಲ್ಲಿ ಗೆರೆಯಿಲ್ಲದೆ ಹುಟ್ಟಿತು.
ಉಜ್ಜಿದರೆ ದನಿಯಿಲ್ಲ. ಊನ.
ಊನವೇ ಉಳಿಯಿತು, ಮಕ್ಕಳಾದವು.
ಇಪ್ಪತ್ತು ತಲೆಮಾರು: ಅವಳ ಮಗ
ಶಾಲೆ ಸೇರುವಷ್ಟರಲ್ಲಿ.

ಮೂಕ ಗಂಡುಗಳು ಈಗಲೂ ರೆಕ್ಕೆ ಉಜ್ಜುತ್ತವೆ, ಹಳೇ ಚಾಳಿ.
ಬೇಲಿಯಾಚೆ ಒಂದೇ ಒಂದು ಹಾಡಿತು.
ಮೂಕವೆಲ್ಲ ಅತ್ತ ಸರಿದವು, ಬರುವವಳ ದಾರಿಗೆ.
ಹೌನಾನಿ ಟಾರ್ಚು ಆರಿಸಿದಳು.
ನೊಣವೂ ಹೊರಟಿರಬೇಕು.