ಸೀಮೆಸುಣ್ಣದ ಪೆಟ್ಟಿಗೆ

ಮೊದಲ ದಿನ ನಮ್ಮ ಹತ್ತಿರ ಇದ್ದದ್ದು
ಒಂಬತ್ತು ಕುರ್ಚಿ, ಒಂದು ಬಕೆಟ್ಟು,
ವ್ಯಾಯಾಮದ ಕೋಣೆಯ ಹಳೇ ರಬ್ಬರಿನ ವಾಸನೆ,
ಮತ್ತೆ ಮನಾನಾ ಟೀಚರು ಬಾಗಿಲಲ್ಲೇ ನಿಂತು ಹೇಳಿದ್ದು:
"ನಾಟಕವನ್ನು ಯಾರೂ ಬರೆದಿಟ್ಟಿಲ್ಲ. ನೀವೇ ಹುಡುಕಿ."

ಶಾಲ್ವಾನಿಗೆ ರಾಜ ಬೇಕು, ಕತ್ತಿ ಬೇಕು.
ನುತ್ಸಾಳಿಗೆ ಕೊನೆಯಲ್ಲಿ ಯಾರಾದರೂ ಸಾಯಲೇಬೇಕು.
ತ್ಸೊತ್ನೆಗೆ ಐದರೊಳಗೆ ಮುಗಿಯಬೇಕು, ಆಮೇಲೆ ಫುಟ್‌ಬಾಲು.
ನನ್ನ ಅಕ್ಷರ ದುಂಡಗಿದೆಯೆಂದು
ನೋಟ್‌ಬುಕ್ಕು ನನ್ನ ಕೈಗೆ ಬಂತು;
ಬರೆದುಕೊಳ್ಳುವವಳಿಗೆ ಬಾಯಿ ಯಾಕೆ?
ರಾಜ ಬಂದ. ಬರೆದೆ. ರಾಜ ಬೇಡವೆಂದರು. ಹೊಡೆದುಹಾಕಿದೆ.
ಕತ್ತಿ, ತೋಳ, ಎರಡು ಮದುವೆ, ಒಂದು ಭೂಕಂಪ,
ಎಲ್ಲದರ ಮೇಲೂ ಗೀಟು.

ಚಿಯಾತುರಾದ ಯಾವ ಕಿಟಕಿಯಾದರೂ ಸರಿ,
ಆಚೆ ಕ್ವಿರಿಲಾ ಹೊಳೆ,
ಗಣಿ ತೊಳೆದ ನೀರು, ಇದ್ದಿಲ ಬಣ್ಣ.
ಅದರ ಮೇಲೆ, ಬಂಡೆಯಿಂದ ಬಂಡೆಗೆ ಎಳೆದ ತಂತಿಯಲ್ಲಿ
ತುಕ್ಕು ಹಿಡಿದ ರೋಪ್‌ವೇ ಪೆಟ್ಟಿಗೆ,
ನಾವು ಅಂಬೆಗಾಲಿಡುವಾಗಲೇ ನಿಂತದ್ದು,
ಇನ್ನೂ ಇಳಿಸಿಲ್ಲ ಯಾರೂ.
"ಅದು," ಅಂದಳು ಗ್ವಾಂತ್ಸಾ. ಅಷ್ಟೇ ಅಂದಳು.

ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಗೆರೆ.
ಒಳಗೆ ಒಂಬತ್ತು ಜನ, ಹದಿನೆಂಟು ಶೂ.
ಒಂದು ರಾತ್ರಿ, ಕರೆಂಟು ಹೋಗಿದೆ, ಕೆಳಗೆ ಹೊಳೆ,
ಗಾಳಿಗೆ ಪೆಟ್ಟಿಗೆ ತೂಗಬೇಕು.
ತೂಗಿದೆವು ನೋಡಿ:
ಎತ್ತು ಏರಿಗೆ, ಕೋಣ ನೀರಿಗೆ.
ಎಲ್ಗುಜಾನ ಮೊಣಕೈ ನನ್ನ ಪಕ್ಕೆಗೆ.
ಶಾಲ್ವಾ ಎಣಿಸಿದ, ಒಂದು ಎರಡು, ಒಂದು ಎರಡು,
ಪೊಲೀಸರ ಕವಾಯತು ಅನ್ನಿಸಿತು.
ಎರಡು ವಾರ.
ಆಮೇಲೊಂದು ಮಂಗಳವಾರ, ದಣಿದು, ಯಾರೂ ಏನೂ ಮಾಡದೆ
ಸುಮ್ಮನೆ ಉಸಿರಾಡುತ್ತ ನಿಂತಿದ್ದಾಗ
ನೆಲ ತಾನೇ ಅಲ್ಲಾಡಿತು.
ತ್ಸೊತ್ನೆ ಗಡಿಯಾರ ನೋಡಲಿಲ್ಲ.

ಜಗಳ ಉಳಿದದ್ದು ಕೊನೆಯ ಬಗ್ಗೆ.
ಶಾಲ್ವಾ: ತಂತಿ ಹರಿಯಲಿ.
ನುತ್ಸಾ, ಸಾವು ಬೇಕೆಂದಿದ್ದವಳೇ, ಅಳುತ್ತ:
ಬೇಡ, ಈಗ ಇವರೆಲ್ಲ ನನಗೆ ಗೊತ್ತು.
ಕೈ ಎತ್ತಿದರೆ ನಾಲ್ಕಕ್ಕೆ ನಾಲ್ಕು.
ಒಂಬತ್ತನೆಯ ಕೈಯಲ್ಲಿ ಪೆನ್ನಿತ್ತು, ಯಾರೂ ಎಣಿಸಲಿಲ್ಲ.

ಆ ಸಂಜೆ ಗ್ವಾಂತ್ಸಾಳ ಅಜ್ಜಿ ತ್ಸಿಯಾಲಾ,
ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ, ಒಳಗೆ ಕೆಂಪು ಕಾಳು,
ಕೊಟ್ಟು ಹೋಗಲು ಬಂದವರು
ಬಕೆಟ್ಟು ಬೋರಲು ಹಾಕಿ ಕೂತು ಪೂರ್ತಿ ನೋಡಿದರು.
"ಚೆನ್ನಾಗಿ ತೂಗ್ತೀರಿ. ಆದರೆ ನಾನೆಲ್ಲಿ?"
ಇಪ್ಪತ್ತೆಂಟು ವರ್ಷ ಮೇಲಿನ ನಿಲ್ದಾಣದಲ್ಲಿ
ಲಿವರು ಹಿಡಿದ ಕೈ ಅವರದು.
"ಹೀಗೇ ಒಂದು ರಾತ್ರಿ. ಪೆಟ್ಟಿಗೆಯ ಫೋನಿನಲ್ಲಿ ಯಾರೋ ಅಂದರು,
ಏನಾದರೂ ಮಾತಾಡ್ತಾ ಇರು ತಾಯಿ, ನಿಲ್ಲಿಸಬೇಡ.
ಏನು ಮಾತಾಡಲಿ? ಕೈಗೆ ಸಿಕ್ಕಿದ್ದು ಗ್ರೀಸ್ ಡಬ್ಬಿ.
ಅದರ ಮೇಲಿನ ಸೂಚನೆ ಓದಿದೆ.
ಮುಗಿದರೆ ಮತ್ತೆ ಮೊದಲಿಂದ. ಬೆಳಗಿನ ಜಾವದ ತನಕ.
ಬಿಸಿಲಿನಿಂದ ದೂರವಿಡಿ. ಚೆನ್ನಾಗಿ ಕಲಕಿರಿ. ಬಿಸಿಲಿನಿಂದ ದೂರವಿಡಿ."

ರೊಟ್ಟಿ ಮುರಿಯುವ ಸದ್ದೊಂದೇ.
ಆಮೇಲೆ ಎಲ್ಲರೂ ತಿರುಗಿದ್ದು ನನ್ನ ಕಡೆಗೆ,
ನನ್ನ ಕಡೆಗಲ್ಲ, ನೋಟ್‌ಬುಕ್ಕಿನ ಕಡೆಗೆ.

ಈಗ ಗೆರೆಯ ಹೊರಗೆ, ಕುರ್ಚಿಯ ಮೇಲೆ ನಿಂತು
ಓದುತ್ತೇನೆ, ಹೊಡೆದುಹಾಕಿದ್ದನ್ನೆಲ್ಲ:
ರಾಜ ಬರುತ್ತಾನೆ. ರಾಜ ಬೇಡ. ತೋಳ. ಮದುವೆ ಒಂದು, ಮದುವೆ ಎರಡು.
ಶಾಲ್ವಾ, ಕಾಲು ತೆಗಿ. ಐದಾಯಿತು, ನಾನು ಹೋಗಲಾ?
ಎಂಟು ಜನ ಕತ್ತಲಲ್ಲಿ ತೂಗುತ್ತಾರೆ.
ನಾನಿದ್ದ ಜಾಗವನ್ನು ಯಾರೂ ತುಂಬಿಲ್ಲ,
ಅದೂ ತೂಗುತ್ತದೆ.
ಕೊನೆ ಏನೆಂದು ಇನ್ನೂ ತೀರ್ಮಾನವಾಗಿಲ್ಲ.
ಶುಕ್ರವಾರ ಪ್ರದರ್ಶನ.

ಇವತ್ತು ಬಂದು ನೋಡಿದರೆ ಜವಾನ ನೆಲ ಒರೆಸಿದ್ದಾನೆ,
ಗೆರೆಯಿಲ್ಲ, ಸುಣ್ಣದ ಹುಡಿಯೂ ಇಲ್ಲ.
ನನ್ನ ಹಿಂದೆಯೇ ತ್ಸೊತ್ನೆ ಬಂದ, ಗಂಟೆ ಮೂರೂ ಆಗಿಲ್ಲ.
ಚೀಲ ಗೋಡೆಗೊರಗಿಸಿ,
ಕಾಲು ತುಸು ಎತ್ತಿ,
ಏನೂ ಇಲ್ಲದಲ್ಲಿ ದಾಟಿ ಒಳಗೆ ಹೋದ.